ರಾಮನವಮಿಯಿಂದ ಕರಗದವರೆಗೆ, ಬೆಂಗಳೂರಿನ ಸಂಜೆಗಳು

ಬೆಂಗಳೂರಿಗೆ ಯಾವಾಗ ಹೋದರೆ ಒಳ್ಳೆಯದು ಅಂತ ಸಾಗರದಲ್ಲಿ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಚೈತ್ರದಲ್ಲಿ ಹೋಗಿ. ರಾಮನವಮಿ ದಿನ ಇಳಿದು, ಕರಗ ನೋಡಿಕೊಂಡು ವಾಪಸ್ ಬನ್ನಿ. ಒಂದು ನವಮಿ, ಇನ್ನೊಂದು ಹುಣ್ಣಿಮೆ, ನಡುವೆ ಇರುವುದು ವಾರಕ್ಕೂ ಕಮ್ಮಿ. ಬಿಸಿಲಿರುತ್ತದೆ, ಸಂಜೆ ಮಳೆಯೂ ಬರಬಹುದು, ಆದರೆ ಹಾಡು, ನಾಟಕ, ನಗು ಮೂರೂ ಒಂದೇ ವಾರದಲ್ಲಿ ಇಷ್ಟು ಸಲೀಸಾಗಿ ಕೈಗೆ ಸಿಗುವುದು ನಾನು ಬೇರೆ ತಿಂಗಳಲ್ಲಿ ಕಂಡಿಲ್ಲ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಇಡೀ ವಾರ ನಮ್ಮನ್ನು ಆಡಿಸಿದ್ದು ಅದೇ. ಈ ಊರಲ್ಲಿ ಟಿಕೆಟ್ ಅಗ್ಗ, ದಾರಿ ದುಬಾರಿ. ಎಷ್ಟೋ ಕಾರ್ಯಕ್ರಮಕ್ಕೆ ದುಡ್ಡೇ ಇಲ್ಲ, ಒಳ್ಳೆ ನಾಟಕ ಇನ್ನೂರು ಮುನ್ನೂರಕ್ಕೆ ಸಿಗುತ್ತದೆ. ಆದರೆ ಸಂಜೆ ಆರು ಗಂಟೆಗೆ ಆಟೊ ಹತ್ತಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊರಟರೆ ನಾಟಕ ಮುಗಿಯುವ ಹೊತ್ತಿಗೆ ತಲುಪುತ್ತೀರಿ, ಮೀಟರ್ ಹಾಕದ ಆಟೊದವರು ಕೇಳುವ ದುಡ್ಡಿನಲ್ಲಿ ಎರಡು ಟಿಕೆಟ್ ಬರುತ್ತದೆ. ಹಾಗಾಗಿ ಒಂದು ಸಂಜೆಗೆ ಒಂದೇ ಏರಿಯಾ, ಹೋಗಿ ಬರಲು ಮೆಟ್ರೊ, ಉಳಿದದ್ದು ನಡಿಗೆ. ಇದು ನನ್ನದಲ್ಲ, ಚಿಕ್ಕಪ್ಪನ ಲೆಕ್ಕಾಚಾರ. ಅವರು ಬ್ಯಾಂಕಿನಿಂದ ರಿಟೈರ್ ಆದವರು, ಸಂಗೀತ ಕಚೇರಿ ಕೇಳುವುದು ಬಿಟ್ಟರೆ ಬೇರೆ ಚಟ ಇಲ್ಲ.

ಭಾನುವಾರ, ರಾಮನವಮಿ

ತಾಳಗುಪ್ಪದಿಂದ ಬರುವ ರಾತ್ರಿ ರೈಲು ಬೆಳಗಿನ ಜಾವವೇ ಮೆಜೆಸ್ಟಿಕ್‌ಗೆ ತಂದು ಇಳಿಸುತ್ತದೆ. ಚಿಕ್ಕಮ್ಮನ ಮನೆ ಹನುಮಂತನಗರದಲ್ಲಿ. ಸ್ನಾನ, ತಿಂಡಿ, ಒಂದು ಸಣ್ಣ ನಿದ್ದೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಬೀದಿ ತುದಿಯಲ್ಲಿ ಶಾಮಿಯಾನ ಎದ್ದಿತ್ತು. ದೊಡ್ಡ ಕೊಳಗದಲ್ಲಿ ಬೆಲ್ಲದ ಪಾನಕ, ಪಕ್ಕದ್ದರಲ್ಲಿ ಕರ್ಬೂಜದ್ದು, ಆಮೇಲೆ ನೀರು ಮಜ್ಜಿಗೆ, ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ನಿಂತಲ್ಲೇ ಕುಡಿದು, ದೊನ್ನೆ ಎಸೆದು, ಇನ್ನೊಂದು ಬೀದಿಗೆ ಹೋದರೆ ಅಲ್ಲೂ ಅದೇ. ಮಧ್ಯಾಹ್ನದ ಊಟವೇ ಬೇಡ ಅನ್ನಿಸಿತು.

"ಐದೂವರೆಗೆ ರೆಡಿ ಇರು ಪುಟ್ಟಿ, ತಡ ಆದ್ರೆ ಕಂಬದ ಹಿಂದೆ ಕೂತು ಮೃದಂಗದವರ ಮೊಣಕೈ ನೋಡ್ಬೇಕಾಗತ್ತೆ" ಅಂತ ಚಿಕ್ಕಪ್ಪ ಮಧ್ಯಾಹ್ನವೇ ಎಚ್ಚರಿಕೆ ಕೊಟ್ಟರು. ಹೋಗಿದ್ದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಇದು. ಎಸ್.ವಿ. ನಾರಾಯಣಸ್ವಾಮಿ ರಾವ್ ಶುರು ಮಾಡಿದ್ದು. ಈಗ ಹೆಚ್ಚುಕಮ್ಮಿ ಒಂದು ತಿಂಗಳು ನಡೆಯುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದು ಇಲ್ಲೇ, ಭೀಮಸೇನ ಜೋಶಿ ಹಾಡಿದ್ದೂ ಇಲ್ಲೇ. ಒಳಗೆ ಜಾಗ ಸಿಗದವರು, ಟಿಕೆಟ್‌ಗೆ ದುಡ್ಡಿಲ್ಲದವರು ರಸ್ತೆಯಲ್ಲೇ ಪೇಪರ್ ಹಾಸಿಕೊಂಡು ರಾತ್ರಿವರೆಗೆ ಕೇಳುತ್ತಿದ್ದರು ಅನ್ನುವ ಕಥೆ ಬೆಂಗಳೂರಿನ ಹಳೆ ಮನೆಗಳಲ್ಲೆಲ್ಲ ಇದೆ. ಚಿಕ್ಕಪ್ಪನೂ ಹಾಗೆ ಕಾಂಪೌಂಡ್ ಹೊರಗೆ ಕೂತು ಕೇಳಿದವರೇ. ಈಗ ಮುಂದಿನ ಸಾಲಿಗೆ ದಿಂಬು ತಗೊಂಡು ಹೋಗುತ್ತಾರೆ.

ಎ.ಸಿ. ಹಾಲ್ ಅಲ್ಲ ಇದು, ಪೆಂಡಾಲ್. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಕೆಳಗೆ ಸಾಲು ಸಾಲು ಕುರ್ಚಿ. ಕಾರ್ಯಕ್ರಮದ ಪುಸ್ತಕವನ್ನೇ ಬೀಸಣಿಗೆ ಮಾಡಿಕೊಂಡ ಅಜ್ಜಂದಿರು, ರೇಷ್ಮೆ ಸೀರೆ ಉಟ್ಟ ಅಜ್ಜಿಯರು, ನಡುನಡುವೆ ಮೊಬೈಲ್‌ನಲ್ಲಿ ರಾಗದ ಹೆಸರು ಬರೆದುಕೊಳ್ಳುವ ಹುಡುಗ ಹುಡುಗಿಯರು. ಹೊರಗಿನ ಬಸ್ಸಿನ ಹಾರ್ನ್ ಒಳಗೆ ಕೇಳುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ಎಡಗಡೆ ಕೂತಿದ್ದ ಅಜ್ಜಿಗೆ ಎಂಬತ್ತು ದಾಟಿರಬೇಕು. ಗಾಯಕಿ ಆಲಾಪನೆ ಶುರು ಮಾಡಿ ಇನ್ನೂ ನಾಲ್ಕು ಸ್ವರ ಆಗಿರಲಿಲ್ಲ, ಅಜ್ಜಿ "ಖರಹರಪ್ರಿಯ" ಅಂತ ರಾಗದ ಹೆಸರು ಹೇಳಿ ಸುಮ್ಮನಾದರು. ನನಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ. ಆಮೇಲೆ ಪೂರ್ತಿ ಹೊತ್ತು ಅವರ ಬಲಗೈ ತೊಡೆ ಮೇಲೆ ತಾಳ ಹಾಕುತ್ತಾ ಇತ್ತು. ಒಮ್ಮೆ ಬಳೆ ಸದ್ದಾಯಿತು ಅಂತ ಬಳೆಗಳನ್ನು ಮೇಲಕ್ಕೆ ಒತ್ತಿ, ಸೆರಗಿನಲ್ಲಿ ಮುಚ್ಚಿ, ಮತ್ತೆ ತಾಳ. ಪಿಟೀಲಿನವರು ಗಾಯಕಿಯ ಒಂದು ಸಂಗತಿಯನ್ನು ಹಾಗೇ ವಾಪಸ್ ಕೊಟ್ಟಾಗ ಪೆಂಡಾಲಿನ ಅರ್ಧ ಜನ ಒಂದೇ ಸಲ "ಚ್ಚ್" ಅಂದರು. ನಮ್ಮ ಕಡೆ ಚೆನ್ನಾಗಿಲ್ಲ ಅನ್ನುವುದಕ್ಕೆ ಮಾಡುವ ಸದ್ದು ಅದು, ಇಲ್ಲಿ ಅದೇ ಮೆಚ್ಚುಗೆ.

ತನಿ ಆವರ್ತನ ಶುರುವಾದ ತಕ್ಷಣ ಒಂದಷ್ಟು ಜನ ಎದ್ದು ಕಾಫಿಗೆ ಹೊರಟರು. ಎಲ್ಲ ಕಚೇರಿಯಲ್ಲೂ ಇದೇ ಹಾಡು. ಎರಡೂವರೆ ಗಂಟೆ ಕೂತಲ್ಲೇ ಕೂತು ತಾಳವಾದ್ಯ ನುಡಿಸಿದವರಿಗೆ ಸಿಗುವ ಒಂದೇ ಒಂದು ಸ್ವಂತ ಕಾಲು ಗಂಟೆ ಅದು. ಅದರಲ್ಲೂ ಅವತ್ತು ಘಟದವರು ಮೃದಂಗದವರಿಗೆ ಕೊಟ್ಟ ಉತ್ತರಗಳಿಗೆ ಮೃದಂಗದವರೇ ನಗುತ್ತಿದ್ದರು. ಎದ್ದು ಹೋದವರಿಗೆ ನಷ್ಟ, ಅಷ್ಟೇ.

ಸೋಮವಾರ

ನಾಟಕ ನೋಡೋಣ ಅಂದರೆ ಸೋಮವಾರ ರಂಗಶಂಕರಕ್ಕೆ ರಜೆ. ಹಾಗಾಗಿ ಮತ್ತೆ ಅದೇ ಪೆಂಡಾಲ್. ಅವತ್ತು ಮಳೆ ಬಂತು.

ಏಪ್ರಿಲ್‌ನಲ್ಲಿ ಬೆಂಗಳೂರಿನ ಮಳೆ ಹೇಳಿಕೇಳಿ ಬರುವುದಲ್ಲ. ಏಳೂವರೆಗೆ ಗಾಳಿ ಎದ್ದಿತು, ಹತ್ತು ನಿಮಿಷಕ್ಕೆ ದಪ್ಪ ಹನಿ. ಚಾವಣಿ ಮೇಲೆ ಬಿದ್ದ ಸದ್ದಿಗೆ ಹಾಡು ಮುಳುಗೇ ಹೋಯಿತು. ಗಾಯಕರು ಹಾಡು ನಿಲ್ಲಿಸಲಿಲ್ಲ, ಮೈಕಿನವನ ಕಡೆ ಮಾತ್ರ ಒಂದು ಸಲ ನೋಡಿದರು. ಅಂಚಿನಲ್ಲಿ ಕೂತವರು ಕುರ್ಚಿ ಎತ್ತಿಕೊಂಡು ನಡುವೆ ಬಂದು ತೂರಿಕೊಂಡರು. ಒಬ್ಬರೂ ಮನೆಗೆ ಹೋಗಲಿಲ್ಲ (ಆ ಮಳೆಯಲ್ಲಿ ಎಲ್ಲಿಗೆ ಹೋಗ್ತಾರೆ ಅನ್ನೋದು ಬೇರೆ ಮಾತು).

ನಾನು ನೋಡುತ್ತಿದ್ದದ್ದು ಮೃದಂಗದವರನ್ನು. ಥಂಡಿಗೆ ವಾದ್ಯದ ಶ್ರುತಿ ಇಳಿಯುತ್ತಲ್ಲ, ಒಂದು ಕೀರ್ತನೆ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಅವರು ಚೀಲದಿಂದ ಒಂದು ಗುಂಡು ಕಲ್ಲು ತೆಗೆದು ಬಲಭಾಗದ ಅಂಚಿಗೆ ಒಂದೊಂದೇ ಕಡೆ ತಟ್ಟುತ್ತಾ, ಕಿವಿ ಹತ್ತಿರ ತಂದು, ಮತ್ತೆ ತಟ್ಟುತ್ತಾ ಹೋದರು. ಎಡಗಡೆಗೆ ಮೆತ್ತಿದ ರವೆ ಹಿಟ್ಟು ಬಿಟ್ಟುಕೊಂಡಿತ್ತು. ಅದನ್ನು ಬೆರಳಲ್ಲೇ ಕೆರೆದು, ಲೋಟದ ನೀರಿನಲ್ಲಿ ಹೊಸದಾಗಿ ಒಂದು ಚೂರು ರವೆ ನಾದಿ, ಅಂಟಿಸಿ, ಒಂದು "ಧೋಂ" ಬಾರಿಸಿ ನೋಡಿದರು. ಗಾಯಕರು ಅಷ್ಟು ಹೊತ್ತೂ ಕಾದರು. ಆ ಹೊತ್ತಿಗೆ ಮಳೆಯೂ ಕಮ್ಮಿಯಾಯಿತು.

ವಾಪಸ್ ಬರುವಾಗ ಆಟೊ ಸಿಗಲಿಲ್ಲ. ನೀರು ನಿಂತ ರಸ್ತೆಯಲ್ಲಿ ಸೀರೆ ಎತ್ತಿಕೊಂಡು ಚಿಕ್ಕಮ್ಮ, ದಿಂಬು ತಲೆ ಮೇಲಿಟ್ಟುಕೊಂಡು ಚಿಕ್ಕಪ್ಪ.

ಮಂಗಳವಾರ

ಅವತ್ತು ಇಡೀ ದಿನ ಜೆ.ಪಿ. ನಗರಕ್ಕೆ ಮೀಸಲು. ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರ ದಾರಿ. ಬಿಸಿಲಿಗೆ ಮೊದಲು ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಅನ್ನುವ ಸಂಗೀತದ ಮ್ಯೂಸಿಯಂಗೆ ಹೋದೆ, 2019ರಲ್ಲಿ ಶುರುವಾದದ್ದು. ಗ್ರಾಮಫೋನ್ ಕಾಲದಿಂದ ಸಿನಿಮಾ ಹಾಡಿನವರೆಗೆ ಎಲ್ಲ ಇದೆ, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಹೋಗಬಹುದು. ನನಗೆ ಹಿಡಿಸಿದ್ದು ಹೊರಗಿನ ತೋಟ. ಅಲ್ಲಿ ಕಲ್ಲು, ಕೊಳವೆ, ತಟ್ಟೆಗಳನ್ನು ಮುಟ್ಟಿ, ಬಡಿದು, ಉಜ್ಜಿ ಸದ್ದು ಹೊರಡಿಸಬಹುದು. ಮಕ್ಕಳಿಗೆ ಮಾಡಿದ್ದು ಅಂತಾರೆ, ಅಲ್ಲಿ ಬಡಿಯುತ್ತಿದ್ದವರೆಲ್ಲ ದೊಡ್ಡವರೇ.

ಸಂಜೆ ರಂಗಶಂಕರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನು ಹೆಗ್ಗೋಡಿನ ಪಕ್ಕದವಳು. ಅಲ್ಲಿನ ನೀನಾಸಂ ರಂಗಸಂಸ್ಥೆಯ ತಿರುಗಾಟದ ನಾಟಕಗಳನ್ನು ನೋಡಿಕೊಂಡೇ ಬೆಳೆದದ್ದು. ಊರಲ್ಲಿ ನಾಟಕ ಅಂದರೆ ತಂಡ ನಮ್ಮ ಹತ್ತಿರ ಬರುತ್ತದೆ. ಇಲ್ಲಿ ನಾಟಕಕ್ಕೆ ಅಂತಲೇ ಕಟ್ಟಿದ ಮನೆ, ಜನ ಅಲ್ಲಿಗೆ ಹೋಗುತ್ತಾರೆ. ಶಂಕರ್ ನಾಗ್ 1990ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಇಂಥದ್ದೊಂದು ಆಗಲೇಬೇಕು ಅಂತ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ಓಡಾಡಿ, ದುಡ್ಡು ಕೂಡಿಸಿ, 2004ರಲ್ಲಿ ಬಾಗಿಲು ತೆರೆದರು. ಸೋಮವಾರ ಬಿಟ್ಟು ದಿನಾ ಒಂದು ನಾಟಕ. ಇದು ಹೇಳುವುದಕ್ಕೆ ಸುಲಭ, ನಡೆಸುವುದಕ್ಕೆ ಅಲ್ಲ. ದಿನಾ ಒಂದು ತಂಡ, ದಿನಾ ಬೇರೆ ಸೆಟ್, ದಿನಾ ಹೊಸದಾಗಿ ಲೈಟು ಕಟ್ಟುವುದು. ಕನ್ನಡ ಮಾತ್ರ ಅಲ್ಲ, ಇಂಗ್ಲಿಷ್, ಹಿಂದಿ, ಮಲಯಾಳಂ, ಯಾವುದು ಬೇಕಾದರೂ ಬರಬಹುದು.

ಇಲ್ಲಿನ ನಿಯಮ ಎಲ್ಲರಿಗೂ ಗೊತ್ತಿರುವುದೇ: ನಾಟಕ ಶುರುವಾಗುವುದು ಏಳೂವರೆಗೆ. ಏಳೂವರೆ ಅಂದರೆ ಏಳೂವರೆ. ಮೂರನೇ ಬೆಲ್ ಆದ ಮೇಲೆ ಬಾಗಿಲು ಹಾಕಿದರೆ ಮುಗಿಯಿತು, ನೀವು ಯಾರೇ ಆಗಿರಿ, ಟಿಕೆಟ್ ಕೈಯಲ್ಲಿ ಇರಲಿ ಬಿಡಲಿ, ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಟ್ರಾಫಿಕ್‌ಗೆ ಇದು ಕ್ರೂರ ಅಲ್ವಾ ಅಂತ ತಮ್ಮನನ್ನು ಕೇಳಿದೆ (ಚಿಕ್ಕಪ್ಪನ ಮಗ, ಆಫೀಸಿನಿಂದ ನೇರ ಬಂದಿದ್ದ). "ಅದಕ್ಕೇ ಅಕ್ಕಾ, ಇದೊಂದು ಜಾಗಕ್ಕೆ ಎಲ್ಲರೂ ಟೈಮಿಗೆ ಬರ್ತಾರೆ" ಅಂದ. ನಿಜ. ಆರೂವರೆಗೇ ಕ್ಯಾಂಟೀನ್ ತುಂಬಿತ್ತು. ಸಾಬೂದಾನ ವಡೆ ತಿನ್ನುತ್ತಾ ಜನ ಒಂದು ಕಣ್ಣು ಮೆಟ್ಟಿಲ ಮೇಲಿನ ಕ್ಯೂ ಕಡೆಗೆ ಇಟ್ಟಿದ್ದರು.

ನಾಟಕ ಕನ್ನಡದ್ದು, ಹೊಸ ಹುಡುಗರ ತಂಡ. ರಂಗದ ಮೇಲೆ ಒಂದು ಬೆಂಚು, ಮೇಲಿನಿಂದ ಇಳಿಬಿಟ್ಟ ಒಂದು ಹಗ್ಗ, ಇಷ್ಟೇ. ಆ ಹಗ್ಗವೇ ಬಾವಿಯಾಯಿತು, ಉಯ್ಯಾಲೆಯಾಯಿತು, ಕೊನೆಗೆ ಬೇಲಿಯಾಯಿತು. ಆಸನಗಳು ಮೆಟ್ಟಿಲು ಮೆಟ್ಟಿಲಾಗಿ ಏರಿಕೊಂಡು ಹೋಗಿರುವುದರಿಂದ ಹಿಂದಿನ ಸಾಲಿನಲ್ಲಿ ಕೂತರೂ ನಟಿಯ ಕತ್ತಿನ ಬೆವರು ಕಾಣುತ್ತದೆ. ಮೈಕ್ ಇಲ್ಲ. ಅವಳು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನಾಟಕ ಪೂರ್ತಿ ಚೆನ್ನಾಗಿತ್ತು ಅಂತ ಹೇಳಲಾರೆ, ದ್ವಿತೀಯಾರ್ಧದಲ್ಲಿ ಭಾಷಣ ಜಾಸ್ತಿಯಾಯಿತು, ಹಾಡುಗಳು ಎಲ್ಲೋ ಕೇಳಿದಂತೆ ಇದ್ದವು. ಆದರೆ ಕೊನೆಯವರೆಗೂ ಯಾರ ಫೋನೂ ಹೊಡೆದುಕೊಳ್ಳಲಿಲ್ಲ. ಅದೂ ಇಲ್ಲಿಯ ಅಭ್ಯಾಸವೇ.

ಬುಧವಾರ

ಅದೇ ಊರು, ನೋಡಿದ್ದೂ ನಾಟಕವೇ, ಆದರೆ ಗಡಿಯಾರ ಬೇರೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಕ್ಕೆ ಹೋದೆ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿಸಿದ್ದು, 1963ರಲ್ಲಿ ಉದ್ಘಾಟನೆ ಆಯಿತು. ಪಕ್ಕದಲ್ಲಿ ಕನ್ನಡ ಭವನ, ಅದರೊಳಗೆ ನಯನ ಸಭಾಂಗಣ, ಹಿಂದೆ ಸಂಸ ಬಯಲು ರಂಗಮಂದಿರ. ಒಂದೇ ಕಾಂಪೌಂಡಿನಲ್ಲಿ ಒಂದೇ ಸಂಜೆ ಎರಡು ಮೂರು ಕಾರ್ಯಕ್ರಮ ನಡೆಯುತ್ತಿರುತ್ತವೆ, ಒಂದು ಬೇಜಾರಾದರೆ ಇನ್ನೊಂದಕ್ಕೆ ನುಗ್ಗಬಹುದು, ಮುಕ್ಕಾಲು ಪಾಲಕ್ಕೆ ಪ್ರವೇಶ ಉಚಿತ. ಬ್ಯಾನರ್, ಪೋಸ್ಟರ್, ಚಹಾ, ಮರದ ಕೆಳಗೆ ನಿಂತು ಮುಂದಿನ ನಾಟಕದ ಬಗ್ಗೆ ಜಗಳ ಆಡುವ ಹವ್ಯಾಸಿಗಳು. ನಿಜವಾದ ಮನರಂಜನೆ ಈ ಮರದ ಕೆಳಗೇ ಇರುವುದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಆಹ್ವಾನ ಪತ್ರಿಕೆಯಲ್ಲಿ ನಾಟಕ ಆರೂವರೆಗೆ ಅಂತ ಇತ್ತು. ಮೊದಲು ಪ್ರಾರ್ಥನೆ. ಆಮೇಲೆ ಸ್ವಾಗತ. ಆಮೇಲೆ ದೀಪ ಬೆಳಗುವುದು, ಗಾಳಿಗೆ ಆರುವುದು, ಮತ್ತೆ ಬೆಳಗುವುದು. ಆಮೇಲೆ ಸನ್ಮಾನ: ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫೋಟೊಗೆ ನಿಲ್ಲುವುದು, ಫೋಟೊದಲ್ಲಿ ಬಿಟ್ಟುಹೋದವರನ್ನು ಕರೆದು ಇನ್ನೊಂದು ಸಲ ನಿಲ್ಲುವುದು. ಮುಖ್ಯ ಅತಿಥಿಗಳು "ಎರಡೇ ಮಾತು" ಅಂತ ಶುರು ಮಾಡಿ ಕನ್ನಡ ರಂಗಭೂಮಿಯ ಪೂರ್ತಿ ಇತಿಹಾಸ ಹೇಳಿದರು. ನನ್ನ ಹಿಂದೆ ಕೂತಿದ್ದ ಒಂದು ಮಗು "ಅಮ್ಮಾ, ಇದೇನಾ ನಾಟಕ?" ಅಂದಿತು. ಅಮ್ಮ ಉತ್ತರ ಕೊಡಲಿಲ್ಲ. ನಾಟಕ ಶುರುವಾದಾಗ ಎಂಟಕ್ಕೆ ಹತ್ತು ನಿಮಿಷ. ಪರದೆ ಹಿಂದೆ ಬಣ್ಣ ಹಚ್ಚಿಕೊಂಡು ಒಂದೂವರೆ ಗಂಟೆ ಕೂತ ಆ ನಟರನ್ನು ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಸನ್ಮಾನ ಬೇಡ ಅನ್ನುವುದಿಲ್ಲ, ನಾಟಕ ಮುಗಿದ ಮೇಲೆ ಇಟ್ಟುಕೊಳ್ಳಿ, ಎಷ್ಟು ಜನ ಉಳಿಯುತ್ತಾರೆ ನೋಡೋಣ.

ಆದರೆ ಶುರುವಾದ ಮೇಲೆ ಎಲ್ಲ ಮರೆತುಹೋಯಿತು. ಬಯಲು ರಂಗಮಂದಿರ, ಮೇಲೆ ಆಕಾಶ, ಹೆಚ್ಚುಕಮ್ಮಿ ತುಂಬಿದ ಚಂದ್ರ. ತಮಟೆ ಹೊಡೆದುಕೊಂಡು ನಟರು ಜನರ ನಡುವಿನಿಂದಲೇ ಇಳಿದು ಬಂದರು. ಬಿ.ವಿ. ಕಾರಂತರು 1972ರಲ್ಲಿ ಇದೇ ಕಲಾಕ್ಷೇತ್ರದ ಬಯಲಿನಲ್ಲಿ ಒಂದಾದ ಮೇಲೊಂದು ಮೂರು ನಾಟಕ ಆಡಿಸಿದ್ದನ್ನು ನೋಡಿದವರು ಈಗಲೂ ಸಿಗುತ್ತಾರೆ, ಸಿಕ್ಕರೆ ಬಿಡುವುದಿಲ್ಲ, ಪೂರ್ತಿ ಹೇಳಿಯೇ ಕಳಿಸುತ್ತಾರೆ. ಬೆಂಗಳೂರಿನ ಹವ್ಯಾಸಿ ರಂಗಭೂಮಿ ಹೊರಳಿಕೊಂಡದ್ದು ಆಗ. ಇವತ್ತಿನ ಹುಡುಗರಲ್ಲೂ ಅದರ ಗುರುತು ಇದೆ: ಹಾಡು ಬೇಕು, ಗುಂಪು ಬೇಕು, ಮೈ ಕುಣಿಯಬೇಕು. ನಾಯಕನಾಗಿದ್ದ ಹುಡುಗನ ಒಂದು ಕಾಲಿಗೆ ಗೆಜ್ಜೆ ಬಿಚ್ಚಿಹೋಯಿತು, ಮಾತು ಬಿಡದೆ ಬಗ್ಗಿ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಅದಕ್ಕೂ ಚಪ್ಪಾಳೆ ಬಿತ್ತು.

ಗುರುವಾರ

ಇದು ತಮ್ಮನ ದಿನ. "ಅಕ್ಕಾ, ನೀನು ಬರೀ ಅಜ್ಜ ಅಜ್ಜಿಯರ ಜೊತೆ ಕೂರ್ತಿದ್ದೀಯ, ಇವತ್ತು ನನ್ನ ಜೊತೆ ಬಾ" ಅಂದ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಇಂದಿರಾನಗರ. ಒಂದು ಕೆಫೆಯ ಮೇಲಿನ ಮಹಡಿ, ಐವತ್ತು ಅರವತ್ತು ಕುರ್ಚಿ, ಇಟ್ಟಿಗೆ ಗೋಡೆ, ಒಂದು ಮೈಕ್, ಒಂದು ಸ್ಟೂಲು. ಕನ್ನಡ ಓಪನ್ ಮೈಕ್. ಕಾಮಿಡಿ ಅಂದರೆ ಇಂಗ್ಲಿಷ್, ಹಿಂದಿ ಮಾತ್ರ ಅನ್ನುವ ಕಾಲ ಹೋಗಿದೆ, ಲೋಲ್‌ಬಾಗ್‌ನಂಥ ತಂಡಗಳು ಕನ್ನಡದಲ್ಲೇ ಸ್ಟ್ಯಾಂಡಪ್ ಮಾಡಿ ಹಾಲ್ ತುಂಬಿಸಿದ ಮೇಲೆ ಹೊಸಬರಿಗೂ ಧೈರ್ಯ ಬಂದಿದೆ.

ಓಪನ್ ಮೈಕ್ ಅಂದರೆ ಹೊಸ ಜೋಕುಗಳನ್ನು ಜನರ ಮೇಲೆ ಪರೀಕ್ಷೆ ಮಾಡುವ ಜಾಗ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ಟೈಮ್ ಮುಗಿಯುತ್ತಾ ಬಂದರೆ ಹಿಂದಿನಿಂದ ಒಬ್ಬ ಮೊಬೈಲ್ ಟಾರ್ಚ್ ತೋರಿಸುತ್ತಾನೆ. ಜೋಕು ಬಿದ್ದುಹೋಗುತ್ತಿರುವಾಗ ಆ ಬೆಳಕಿಗಾಗಿ ಕಾಯುವವರನ್ನೂ ನೋಡಿದೆ, ಪಾಪ. ಒಬ್ಬ ಹುಡುಗ ಪೂರ್ತಿ ಮರೆತುಹೋಗಿ ಅಂಗೈ ಮೇಲೆ ಬರೆದುಕೊಂಡದ್ದನ್ನು ಓದಲು ನೋಡಿದ, ಬೆವರಿಗೆ ಅದೂ ಅಳಿಸಿಹೋಗಿತ್ತು. ಅವತ್ತಿನ ಅತಿ ದೊಡ್ಡ ನಗು ಬಂದದ್ದು ಅದಕ್ಕೇ.

ತುಮಕೂರು ಕಡೆಯ ಒಬ್ಬಳು ಮಾತ್ರ ಎಲ್ಲರನ್ನೂ ಹಿಡಿದು ಕೂರಿಸಿದಳು. ವಿಷಯ ಬಾಡಿಗೆ ಮನೆ. "ಓನರ್ ಆಂಟಿ ಮೊದಲು ಕೇಳಿದ್ದು, ನೀನು ಏನು ತಿಂತೀಯಮ್ಮ ಅಂತ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದ ಮೇಲೆ ನಾನು ಏನು ತಿನ್ನೋಕಾಗತ್ತೆ ಆಂಟಿ ಅಂದೆ." ಇಷ್ಟೇ. ಹೇಳಿ ಸುಮ್ಮನೆ ನಿಂತಳು, ಮುಖದಲ್ಲಿ ಒಂದಿಷ್ಟೂ ನಗು ಇಲ್ಲ. ಅರವತ್ತು ಜನರಲ್ಲಿ ಐವತ್ತು ಜನ ಬಾಡಿಗೆ ಮನೆಯವರೇ ಇರಬೇಕು, ಕುರ್ಚಿ ಬಡಿದು ನಕ್ಕರು. ಮೈಕ್ ಹಿಡಿದ ಮಿಕ್ಕವರಲ್ಲಿ ಮೂರ್ನಾಲ್ಕು ಜನರದ್ದು ಜೋಕಿಗಿಂತ ಬೈಗುಳ ಜಾಸ್ತಿ. ಅದು ಸುಲಭದ ದಾರಿ, ಮೊದಲ ಸಲ ನಗು ಬರುತ್ತದೆ, ಮೂರನೇ ಸಲ ಬರುವುದಿಲ್ಲ.

ರಾತ್ರಿ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪ ಬಿಟ್ಟುಕೊಡಲಿಲ್ಲ. "ಇದನ್ನೇ ಮಾಸ್ಟರ್ ಹಿರಣ್ಣಯ್ಯ ಮಾಡ್ತಿರಲಿಲ್ವೇನೇ? ಬೆಳಗ್ಗೆ ಪೇಪರಲ್ಲಿ ಬಂದದ್ದು ರಾತ್ರಿ ನಾಟಕದಲ್ಲಿ ಇರ್ತಿತ್ತು. ಮಂತ್ರಿಗಳು ಮುಂದಿನ ಸಾಲಲ್ಲಿ ಕೂತಿದ್ರೆ ಇನ್ನೂ ಜಾಸ್ತಿ ಬೈತಿದ್ರು." ಮಾತು ಸುಳ್ಳಲ್ಲ. 2019ರಲ್ಲಿ ತೀರಿಕೊಂಡ ಹಿರಣ್ಣಯ್ಯನವರ ನಾಟಕಗಳಲ್ಲಿ ಕಥೆ ಒಂದು ನೆಪ, ಜನ ಹೋಗುತ್ತಿದ್ದದ್ದು ಅವರು ರಂಗದ ಮುಂದೆ ಬಂದು ಬರೆದಿಟ್ಟದ್ದನ್ನು ಬಿಟ್ಟು ಮಾತಾಡುವುದನ್ನು ಕೇಳುವುದಕ್ಕೆ. ಸ್ಟ್ಯಾಂಡಪ್ ಅಮೆರಿಕದಿಂದ ಬಂತು ಅಂತ ತಮ್ಮ, ಮೈಸೂರಿನಿಂದ ಬಂತು ಅಂತ ಚಿಕ್ಕಪ್ಪ. ವ್ಯತ್ಯಾಸ ಇಷ್ಟೇ ಅನ್ನಿಸುತ್ತದೆ ನನಗೆ: ಹಿರಣ್ಣಯ್ಯ ಸರ್ಕಾರವನ್ನು ಬೈಯುತ್ತಿದ್ದರು, ಈ ಮಕ್ಕಳು ತಮ್ಮನ್ನೇ ಬೈದುಕೊಳ್ಳುತ್ತಾರೆ. ಧೈರ್ಯ ಯಾರದ್ದು ಜಾಸ್ತಿ ಅಂತ ಅಪ್ಪ ಮಗ ಹನ್ನೆರಡರವರೆಗೆ ವಾದ ಮಾಡಿದರು. ಚಿಕ್ಕಮ್ಮ ಲೈಟ್ ಆರಿಸಿ ಮುಗಿಸಿದರು.

ಶುಕ್ರವಾರ

ಮಲ್ಲೇಶ್ವರದ ಕಡೆ. ಚೌಡಯ್ಯ ಸ್ಮಾರಕ ಭವನದಲ್ಲಿ ಭಾವಗೀತೆ ಕಾರ್ಯಕ್ರಮ. ಮೈಕ್ ಇಲ್ಲದ ಕಾಲದಲ್ಲಿ ದೂರ ಕೂತವರಿಗೂ ಕೇಳಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡವರು ಟಿ. ಚೌಡಯ್ಯ, ತಿರುಮಕೂಡಲಿನವರು. ಅವರ ನೆನಪಿಗೆ ಕೆ.ಕೆ. ಮೂರ್ತಿಯವರು ಮುಂದೆ ನಿಂತು ಕಟ್ಟಿಸಿದ ಈ ಭವನವೇ ಒಂದು ಪಿಟೀಲು, 1980ರಲ್ಲಿ ತೆರೆದದ್ದು. ತಂತಿ, ಕುದುರೆ, ಬಿರಡೆ ಎಲ್ಲ ಇದೆ. ಆದರೆ ಒಳಗೆ ಕೂತವರಿಗೆ ಅದು ಕಾಣುವುದಿಲ್ಲ, ರಸ್ತೆಯಲ್ಲಿ ಸ್ವಲ್ಪ ದೂರ ನಿಂತು ನೋಡಬೇಕು.

ಕಾರ್ಯಕ್ರಮದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿ ಹಾಡಿದರು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಕಟ್ಟಿದ ಧಾಟಿಗಳನ್ನೇ ಇನ್ನೂ ಹಾಡುತ್ತಿದ್ದೇವೆ, ಜನಕ್ಕೂ ಅದೇ ಬೇಕು, ಪಲ್ಲವಿ ಶುರುವಾದ ತಕ್ಷಣ ಸಭೆಯೇ ಹಾಡುತ್ತದೆ. ಒಬ್ಬ ಹುಡುಗ ಹೊಸ ಕವಿಯೊಬ್ಬರ ಕವಿತೆಗೆ ತಾನೇ ರಾಗ ಹಾಕಿ ಹಾಡಿದ. ಆಗ ಜನ ಮೊಬೈಲ್ ತೆಗೆದು ಟೈಮ್ ನೋಡಿದರು. ನನಗೆ ಅವತ್ತು ನೆನಪಿನಲ್ಲಿ ಉಳಿದದ್ದು ಅದೊಂದೇ ಹಾಡು.

ಹೋಗುವ ಮುಂಚೆ ಸಿ.ಟಿ.ಆರ್.ನಲ್ಲಿ ಬೆಣ್ಣೆ ದೋಸೆ ತಿಂದದ್ದು, ಅದಕ್ಕೆ ಮುಕ್ಕಾಲು ಗಂಟೆ ನಿಂತದ್ದು. ಅಷ್ಟು ನಿಲ್ಲುವಂಥದ್ದೇ.

ಶನಿವಾರ, ಹುಣ್ಣಿಮೆ

ಕರಗವನ್ನು ಸಂಗೀತ ಅನ್ನಬೇಕೋ ನಾಟಕ ಅನ್ನಬೇಕೋ ಗೊತ್ತಿಲ್ಲ, ನೋಡುವವರಿಗೆ ಎರಡೂ. ಮಾಡುವವರಿಗೆ ಅದು ಹರಕೆ, ಆದ್ದರಿಂದ ನೋಡಲು ಹೋಗುವವರು ಆ ಲೆಕ್ಕದಲ್ಲೇ ಹೋಗಬೇಕು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುತ್ತದೆ. ತಿಗಳ ಸಮುದಾಯದ ದ್ರೌಪದಿ ಉತ್ಸವ ಇದು, ಹತ್ತಿರ ಹತ್ತಿರ ಹತ್ತು ದಿನ ನಡೆಯುತ್ತದೆ, ಹುಣ್ಣಿಮೆ ರಾತ್ರಿ ಎಲ್ಲಕ್ಕಿಂತ ದೊಡ್ಡದು.

ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ ರಾತ್ರಿ ಒಂಬತ್ತಕ್ಕೆ ಮಾರ್ಕೆಟ್ ಕಡೆ ಇಳಿದೆವು, ನಾನು, ತಮ್ಮ, ಅವನ ಇಬ್ಬರು ಗೆಳೆಯರು. ಹಗಲು ಸಗಟು ವ್ಯಾಪಾರದ ಕೈಗಾಡಿಗಳಿಗೆ ಜಾಗ ಸಾಲದ ಬೀದಿಗಳು ಅವತ್ತು ಬರೀ ಜನ, ಬರೀ ದೀಪ. ಎರಡು ಬೀದಿಗೊಂದು ಆರ್ಕೆಸ್ಟ್ರಾ. ಒಂದು ಕಡೆ ರಾಜ್‌ಕುಮಾರ್ ಹಾಡು, ನಾಲ್ಕು ಹೆಜ್ಜೆ ಹಾಕಿದರೆ ಅದರ ಮೇಲೆ ಇನ್ನೊಂದು ಕಡೆಯ ಭಕ್ತಿಗೀತೆ ಏರಿ ಬರುತ್ತದೆ, ಅಲ್ಲಿಂದ ಮುಂದೆ ತಮಟೆ. ಮೂರೂ ಒಟ್ಟಿಗೆ ಕೇಳುವ ಒಂದು ತಿರುವಿದೆ, ಅಲ್ಲಿ ಜೋಳ ಸುಡುತ್ತಿದ್ದವಳು ಯಾವುದಕ್ಕೆ ತಲೆ ಆಡಿಸುತ್ತಿದ್ದಳೋ ಗೊತ್ತಾಗಲಿಲ್ಲ. ಮಲ್ಲಿಗೆಯ ವಾಸನೆ ಎಲ್ಲದರ ಮೇಲೆ.

ಕರಗ ಹೊರಡುವ ಹೊತ್ತು ಯಾರಿಗೂ ಖಚಿತ ಇಲ್ಲ, ಮಧ್ಯರಾತ್ರಿ ದಾಟಬೇಕು ಅಷ್ಟೇ. ಕಾಯುವುದೇ ಅದರ ಅರ್ಧ. ಒಂದು ಅಂಗಡಿ ಮೆಟ್ಟಿಲ ಮೇಲೆ ನಮಗೆ ಜಾಗ ಮಾಡಿಕೊಟ್ಟ ಒಬ್ಬ ಅಮ್ಮ ತಾನು ಚಿಕ್ಕವಳಿದ್ದಾಗಿನಿಂದ ಇದೇ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೇನೆ ಅಂದರು. "ಕಾಲು ಚಾಚಬೇಡ್ರಪ್ಪಾ, ವೀರಕುಮಾರರು ಬಂದರೆ ಓಡಿಕೊಂಡೇ ಬರ್ತಾರೆ." ಅವರು ಹೇಳಿ ಮುಗಿಸುವುದಕ್ಕೂ "ಗೋವಿಂದಾ, ಗೋವಿಂದಾ" ಅನ್ನುವ ಕೂಗು ಬೀದಿ ಆ ತುದಿಯಿಂದ ಏಳುವುದಕ್ಕೂ ಸರಿಯಾಯಿತು. ಬರಿಮೈ, ತಲೆಗೆ ಪೇಟ, ಕೈಯಲ್ಲಿ ಕತ್ತಿ ಹಿಡಿದ ವೀರಕುಮಾರರು ನಿಜಕ್ಕೂ ಓಡಿಕೊಂಡೇ ಬಂದರು. ಅವರ ನಡುವೆ ಹೆಣ್ಣಿನ ವೇಷದಲ್ಲಿ ಕರಗ ಹೊತ್ತ ಅರ್ಚಕರು: ಅರಿಶಿನ ಬಣ್ಣದ ಸೀರೆ, ಬಳೆ, ತಲೆ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಎತ್ತರದ ಕರಗ. ಕೈಯಿಂದ ಅದನ್ನು ಮುಟ್ಟುವ ಹಾಗಿಲ್ಲ. ಎರಡೂ ಕೈಯಲ್ಲಿ ಬೇರೆ ಬೇರೆ ಹಿಡಿದಿರುತ್ತಾರೆ, ಒಂದರಲ್ಲಿ ಕತ್ತಿ, ಒಂದರಲ್ಲಿ ದಂಡ. ಆ ವೇಗದಲ್ಲಿ, ಆ ನೂಕಿನಲ್ಲಿ, ಹಳ್ಳ ಬಿದ್ದ ರಸ್ತೆಯಲ್ಲಿ ಕತ್ತು ಒಂದಿಷ್ಟೂ ಅಲ್ಲಾಡದೆ ಕರಗ ಹೋಗುತ್ತಿತ್ತು. ಮಹಡಿಗಳಿಂದ ಮಲ್ಲಿಗೆ ಸುರಿಯುತ್ತಿದ್ದರು, ಒಂದು ಹಿಡಿ ನನ್ನ ಕನ್ನಡಕದ ಮೇಲೆ ಬಿತ್ತು. ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಬೀದಿ ಸೇರಿತ್ತು. ನಾಲ್ಕು ಗಂಟೆ ಕಾದು ಅರ್ಧ ನಿಮಿಷ ನೋಡಿದ್ದು, ಆದರೆ ಸಾಲಲಿಲ್ಲ ಅನ್ನಿಸಲಿಲ್ಲ.

ಅಲ್ಲಿಂದ ಕರಗ ಪೇಟೆ ಬೀದಿಗಳೆಲ್ಲ ಸುತ್ತಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಅಲ್ಲಿ ಪೂಜೆ ಪಡೆದು, ದೇವಸ್ಥಾನಕ್ಕೆ ಹಿಂತಿರುಗುವಾಗ ಬೆಳಗಾಗಿರುತ್ತದೆ. ದರ್ಗಾದ ಹತ್ತಿರ ಹೋಗಿ ನಿಲ್ಲೋಣ ಅಂತ ತಮ್ಮನ ಗೆಳೆಯರು ಆ ಕಡೆ ಓಡಿದರು. ಅಲ್ಲೂ ಇಷ್ಟೇ ಜನ ಕಾಯುತ್ತಿದ್ದಾರೆ, ಶರಬತ್ತು ಹಂಚುತ್ತಿದ್ದಾರೆ ಅಂತ ಫೋನ್ ಮಾಡಿ ಹೇಳಿದರು. ನಾನು ಹೋಗಲಿಲ್ಲ. ಭಾನುವಾರ ರಂಗಶಂಕರದಲ್ಲಿ ಮಧ್ಯಾಹ್ನ ಮೂರೂವರೆಗೂ ಒಂದು ಆಟ ಇರುತ್ತದೆ, ಟಿಕೆಟ್ ಆಗಲೇ ತಗೊಂಡಾಗಿತ್ತು, ಅವರು ಒಂದು ನಿಮಿಷ ತಡವಾದರೂ ಬಿಡುವುದಿಲ್ಲ. ಮಲಗಬೇಕಿತ್ತು.